ಅತ್ತೆ ಹಸುವಿಗೆ ಹೇಳಿದ ಮಾತು

ಇನ್ನು ಮುಂದೆ ತನ್ನ ಸಂಸಾರ ಕರೆಂಟಿಗಾಗಿ ಯಾರ ಮುಖವನ್ನೂ ನೋಡುವುದಿಲ್ಲ ಎಂದು ಚಿನಕುರಳಿಯ ಶಿವಶಂಕರ ತನ್ನ ಮನೆಯ ಮುಂದೆ ನಿಂತು ಘೋಷಿಸಿದ. ಆ ಐತಿಹಾಸಿಕ ಘೋಷಣೆಯನ್ನು ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ಹೆಂಡತಿ ಶ್ವೇತ, ಇನ್ನೊಬ್ಬ ಪಕ್ಕದ ಮನೆಯ ಚಿಕ್ಕಸ್ವಾಮಿ.

ಪಾಂಡವಪುರದ ಶಾಲೆಯೊಂದು ಮಾರಿದ ಹಳೆಯ ವ್ಯಾನನ್ನು ಕೊಂಡು, ಸೀಟುಗಳನ್ನು ಕಿತ್ತು, ಒಳಗೆ ಮಂಚ, ಮೇಜು, ಒಲೆ ಕೂರಿಸಿ ಅವನು ಅದನ್ನು ಓಡಾಡುವ ಮನೆ ಮಾಡಿದ್ದ. ಆ ಮನೆಯ ದೇವರೆಂದರೆ ಮಂಚದ ಕೆಳಗಿದ್ದ ಎರಡನೆಯ ಬ್ಯಾಟರಿ.

"ಇಂಜಿನ್ನಿಗೊಂದು ಬ್ಯಾಟ್ರಿ, ಮನೆಗೊಂದು ಬ್ಯಾಟ್ರಿ," ಎಂದು ವಿವರಿಸಿದ. "ಲ್ಯಾಪ್‌ಟಾಪು, ಫೋನು, ಫ್ಯಾನು ಎಲ್ಲಾ ಮನೆ ಬ್ಯಾಟ್ರಿ ಮ್ಯಾಲೆ. ಅದು ಪೂರ್ತಿ ಬರಿದಾದ್ರೂ ವ್ಯಾನು ಸ್ಟಾರ್ಟ್ ಆಯ್ತದೆ!"

"ಅಣ್ತಮ್ದೀರು ಭಾಗ ಆದಂಗೆ ಅನ್ನು ಕಣ್ಲಾ," ಎಂದ ಚಿಕ್ಕಸ್ವಾಮಿ. "ನಡುವೆ ಗೋಡೆ ಎತ್ತಿದ್ದೀಯಾ ತಾನೆ?"

"ಗೋಡೆಗೊಂದು ಬಾಗ್ಲು ಮಡಗಿವ್ನಿ. ತೀರಾ ಕಷ್ಟ ಬಂದ್ರೆ ಎರಡ್ನೂ ಸೇರ್ಸೋಕೆ ಒಂದು ಸ್ವಿಚ್ಚು."

"ಬಾಗ್ಲು ಮುಚ್ಚೋದ ಮರ್ತೀಯ, ಉಸಾರು!"

ಮರೆಯುವುದೇ! ಶಿವಶಂಕರ ಮರೆಯುವ ಜಾತಿಯವನಲ್ಲ. ವ್ಯಾನು ನಿಂತ ಕೂಡಲೇ ಹ್ಯಾಂಡ್‌ಬ್ರೇಕು ಎಳೆಯುತ್ತಿದ್ದ. ಇಳಿದ ಮೇಲೆ, ಎಳೆದೆನೋ ಇಲ್ಲವೋ ಎಂದು ಮತ್ತೆ ಹತ್ತಿ ನೋಡುತ್ತಿದ್ದ. ಅಂಥ ಮನುಷ್ಯ.

ಇಷ್ಟೆಲ್ಲ ಮಾತಿಗೆ ಕಾರಣ ಶ್ವೇತಳ ಡೆಮೊ ಪಾಠ. ಆನ್‌ಲೈನಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಕೆಲಸವೊಂದು ಅವಳ ಕೈಗೆ ಬರುವುದರಲ್ಲಿತ್ತು. ಸಂಜೆ ಐದಕ್ಕೆ ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸಬೇಕು. ಅಂದೇ ಹೊಣಕೆರೆಯ ತವರಿನಲ್ಲಿ ಹಿರಿಯರ ಹಬ್ಬ. ಅವಳ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪ್ಲಗ್ಗು ಕಿತ್ತರೆ ಅದೂ ಕಣ್ಣು ಮುಚ್ಚುತ್ತಿತ್ತು.

"ನಾನು ಇಲ್ಲೇ ಇರ್ತೀನಿ ಕಣ್ರೀ. ನೀವು ಹಬ್ಬಕ್ಕೆ ಹೋಗ್ಬನ್ನಿ. ಈ ಕೆಲಸ ತಪ್ಪಿದ್ರೆ ಮತ್ತೆ ಸಿಕ್ಕಲ್ಲ," ಎಂದಳು ಶ್ವೇತ.

"ಹಬ್ಬಾನೂ ಆಯ್ತದೆ, ಪಾಠಾನೂ ಆಯ್ತದೆ. ವ್ಯಾನೈತೆ!" ಎಂದ ಶಿವಶಂಕರ.

ಹೊಣಕೆರೆಗೆ ಹೋದರೆ ಊರಿಗೆ ಊರೇ ಕರೆಂಟಿಲ್ಲ. ಬೆಳಿಗ್ಗೆಯೇ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿತ್ತು. ಶಿವಶಂಕರನಿಗೆ ಒಳಗೊಳಗೇ ಖುಷಿಯಾಯಿತು. ಹಬ್ಬಕ್ಕೆ ಬಂದ ನೆಂಟರು ಒಬ್ಬೊಬ್ಬರಾಗಿ ಫೋನು ಹಿಡಿದು ವ್ಯಾನಿನ ಬಾಗಿಲಿಗೆ ಬಂದರು. ಶ್ವೇತಳ ಚಿಕ್ಕಪ್ಪ ಶಿವಲಿಂಗಯ್ಯನಂತೂ ಫೋನಿನ ಜೊತೆ ಟಾರ್ಚನ್ನೂ ತಂದ. ಹೆಣ್ಣು ಕೊಟ್ಟ ಮನೆಯಲ್ಲಿ ಅಳಿಯ ಇಲ್ಲ ಎನ್ನುವುದುಂಟೇ? ಎಲ್ಲರಿಗೂ ಕರೆಂಟು ದಾನವಾಯಿತು.

"ರೀ, ನನ್ನ ಪಾಠಕ್ಕೆ ಉಳಿಯುತ್ತಾ?"

"ಲೆಕ್ಕ ಹಾಕಿವ್ನಿ. ಧಾರಾಳ."

ಆ ಲೆಕ್ಕದಲ್ಲಿ ಇಲ್ಲದವಳು ಗೌರಿ.

ಗೌರಿ ಎಂದರೆ ಮಾವ ನರಸಯ್ಯನವರ ಕೊಟ್ಟಿಗೆಯ ಹಿರಿಯ ಹಸು. ಅದೂ ಅದರ ಜೊತೆಯ ಹಸುಗಳೂ ಹಾಲು ಕರೆಯುವ ಮಿಷಿನ್ನಿಗೆ ಒಗ್ಗಿಹೋಗಿದ್ದವು. ಕೈ ಹಾಕಿದರೆ ಒದೆಯುತ್ತಿದ್ದವು. ಕರೆಂಟಿಲ್ಲ, ಕೆಚ್ಚಲು ಬಿಗಿದಿದೆ, ಡೈರಿ ಬಾಗಿಲು ಹಾಕುವ ಹೊತ್ತು ಬರುತ್ತಿದೆ. ಆದರೆ ಅಳಿಯನನ್ನು ಕೇಳುವುದು ಹೇಗೆ? ಅತ್ತೆ ದ್ಯಾವಮ್ಮನ ಮನೆತನದಲ್ಲಿ ಅತ್ತೆಯಾದವಳು ಅಳಿಯನೊಂದಿಗೆ ನೇರವಾಗಿ ಮಾತಾಡುವ ಪದ್ಧತಿಯಿಲ್ಲ. ಮದುವೆಯಾದಾಗಿನಿಂದ ಅವರು ಅವನಿಗೆ ಹೇಳಬೇಕಾದ್ದನ್ನೆಲ್ಲ ಪಡಸಾಲೆಯ ಕಂಬಕ್ಕೋ ಹಸುವಿಗೋ ಹೇಳುತ್ತಿದ್ದರು. ಅವನೂ ಕಂಬಕ್ಕೋ ಹಸುವಿಗೋ ಉತ್ತರ ಕೊಡುತ್ತಿದ್ದ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ದ್ಯಾವಮ್ಮ ಸೆರಗು ಸರಿಮಾಡಿಕೊಂಡು ಗೌರಿಯ ಕೊರಳು ತುರಿಸಿದರು. "ಏನವ್ವಾ ಗೌರಿ, ಇಂಗೆ ಕೆಚ್ಚಲು ಕಲ್ಲು ಮಾಡ್ಕಂಡು ನಿಂತಿದ್ದೀಯ! ನಿನ್ ಕಷ್ಟವ ಯಾರ್ಗೇಳನ?"

ಶಿವಶಂಕರನ ಎದೆ ಉಬ್ಬಿತು. "ಗೌರಮ್ಮ, ನಾನಿಲ್ವಾ?" ಎಂದ ಹಸುವಿಗೆ.

ಮಿಷಿನ್ನಿನ ವೈರು ವ್ಯಾನಿನ ಇನ್ವರ್ಟರಿಗೆ ಬಂತು. ಮೋಟರು ಒಮ್ಮೆ ನರಳಿತು. ಅತ್ತೆ ನೋಡುತ್ತಿದ್ದಾರೆ! ಇದಕ್ಕಿಂತ ತೀರಾ ಕಷ್ಟ ಯಾವುದು? ಶಿವಶಂಕರ ಮಂಚದ ಕೆಳಗೆ ತೂರಿ, ಎರಡು ಬ್ಯಾಟರಿಗಳನ್ನೂ ಸೇರಿಸುವ ಸ್ವಿಚ್ಚನ್ನು ಅದುಮಿದ. ಮೋಟರು ಗುಂಯ್ ಎಂದು ಹಾಡತೊಡಗಿತು. ಗೌರಿ ಹಾಲು ಕೊಟ್ಟಳು, ಉಳಿದ ಹಸುಗಳೂ ಕೊಟ್ಟವು. ನರಸಯ್ಯ ಕ್ಯಾನು ಏರಿಸಿಕೊಂಡು, "ಅಳೀಮಯ್ಯಾ, ಮಾನ ಉಳಿಸ್ಬುಟ್ರಿ!" ಎಂದು ಡೈರಿಗೆ ಹೋದರು. ಆ ಹೊಗಳಿಕೆಯ ಗುಂಗಿನಲ್ಲಿ ಶಿವಶಂಕರ ಸ್ವಿಚ್ಚನ್ನು ಹಾಗೇ ಬಿಟ್ಟು ಇಳಿದ.

ಐದಾಯಿತು. ಶ್ವೇತ ವ್ಯಾನಿನೊಳಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಪಾಠ ಶುರುಮಾಡಿದಳು. ವಿಷಯ ಘರ್ಷಣೆ. ಚಿತ್ರಗಳೆಲ್ಲ ಲ್ಯಾಪ್‌ಟಾಪಿನಲ್ಲಿ. ಶಿವಶಂಕರ ಕಾವಲುಗಾರನಂತೆ ಅಂಗಳದಲ್ಲಿ ನಿಂತ.

ಸ್ವಲ್ಪ ಹೊತ್ತಿಗೆ ವ್ಯಾನಿನ ಬಳಿ ಸಗಣಿ ಬಾಚುತ್ತಿದ್ದ ದ್ಯಾವಮ್ಮ ಗೌರಿಯ ಪಕ್ಕಕ್ಕೆ ಬಂದರು.

"ಗೌರೀ, ಆ ವ್ಯಾನ್ನಾಗೆ ಏನೋ ಕುಂಯ್ಯೋ ಅಂತೈತೆ ಕಣವ್ವ."

"ಅದು ಇನ್ವರ್ಟರು ಉಸಿರಾಡೋ ಸದ್ದು ಗೌರಮ್ಮ. ಗಾಬ್ರಿ ಬ್ಯಾಡ."

"ಉಸಿರಾಡೋದಾದ್ರೆ ಕೆಂಪು ದೀಪ ಯಾಕವ್ವಾ ಮಿಣಕ್ ಮಿಣಕ್ ಅಂತದೆ?"

ಶಿವಶಂಕರನ ಬೆನ್ನು ನೆಟ್ಟಗಾಯಿತು. "ಮೇಲಿನ ದೀಪವೋ ಕೆಳಗಿಂದೋ, ಗೌರಮ್ಮ?"

ದ್ಯಾವಮ್ಮ ಬಾಯಿ ತೆರೆದರು. ಅಷ್ಟರಲ್ಲಿ ಗೌರಿ ಇಬ್ಬರನ್ನೂ ಒಮ್ಮೆ ನೋಡಿ, ಬಾಲ ಬೀಸಿ, ನೀರಿನ ತೊಟ್ಟಿಯ ಕಡೆಗೆ ನಡೆದುಬಿಟ್ಟಳು!

ನಡುವೆ ಯಾರೂ ಉಳಿಯಲಿಲ್ಲ. ದ್ಯಾವಮ್ಮ ಕಂಬದ ಕಡೆ ತಿರುಗಿದರು. ಕಂಬಕ್ಕೆ ನೆಂಟರೊಬ್ಬರು ಒರಗಿ ನಿದ್ದೆ ಹೋಗಿದ್ದರು. ಬೇರೆ ದಾರಿಯಿಲ್ಲದೆ ಅತ್ತೆ ಅಳಿಯ ಇಬ್ಬರೂ ಗಂಭೀರವಾಗಿ, ಓಡದೆ, ಒಬ್ಬರನ್ನೊಬ್ಬರು ನೋಡದೆ, ಹಸುವಿನ ಹಿಂದೆ ತೊಟ್ಟಿಯವರೆಗೂ ಹೋದರು. ಗೌರಿ ನೀರಿಗೆ ಮೂತಿ ಇಟ್ಟ ಮೇಲೆ ದ್ಯಾವಮ್ಮ ಹೇಳಿದರು.

"ಕೆಳಗಿಂದು ಕಣವ್ವ."

ಕೆಳಗಿನ ದೀಪವೆಂದರೆ ಬ್ಯಾಟರಿ ಮುಗಿಯಿತು ಎಂದು ಅರ್ಥ. ಅತ್ತ ವ್ಯಾನಿನಲ್ಲಿ ಕುಂಯ್ಯೋ ಎನ್ನುವ ಸದ್ದೂ ನಿಂತಿತು.

"ರೀ!" ಶ್ವೇತ ಫೋನು ಹಿಡಿದು ಬಾಗಿಲಿಗೆ ಬಂದಳು. "ಲ್ಯಾಪ್‌ಟಾಪ್ ಹೋಯ್ತು! ಫೋನಲ್ಲಿ ಅವರು ಕಾಯ್ತಾವ್ರೆ. ನನ್ನ ಚಿತ್ರ ಒಂದೂ ಇಲ್ಲ!"

"ಇಂಜಿನ್ ಸ್ಟಾರ್ಟ್ ಮಾಡಿದ್ರೆ ಬ್ಯಾಟ್ರಿ ತುಂಬ್ತದೆ. ಇಂಜಿನ್ ಬ್ಯಾಟ್ರಿ ಬ್ಯಾರೆ ಐತಲ್ಲ!" ಶಿವಶಂಕರ ಹಾರಿ ಕೂತು ಕೀಲಿ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಈ ಸಲ ಟಕ್ ಕೂಡ ಇಲ್ಲ. ಗೋಡೆಯ ಬಾಗಿಲು ನೆನಪಾಯಿತು. ಗೌರಿ ಎರಡೂ ಮನೆಗಳ ಕರೆಂಟನ್ನು ಹಾಲಿನ ಜೊತೆ ಡೈರಿಗೆ ಕಳಿಸಿದ್ದಳು!

"ಏನಾಯ್ತು?" ಎಂದಳು ಶ್ವೇತ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ತಳ್ರಪ್ಪೋ!" ಎಂದು ಶಿವಲಿಂಗಯ್ಯ ಕೂಗು ಹಾಕಿದ. ನೆಂಟರೆಲ್ಲ ಹಬ್ಬದ ಪಂಚೆ ಮೇಲೆತ್ತಿ ಕಟ್ಟಿ ವ್ಯಾನಿಗೆ ಭುಜ ಕೊಟ್ಟರು. ಕಂಬದ ನೆಂಟರೂ ಎದ್ದು ಬಂದರು. ವ್ಯಾನು ಅಲುಗಲಿಲ್ಲ. ಮತ್ತೆ ತಳ್ಳಿದರು. ಮುಖಗಳು ಕೆಂಪಾದವು. ಯಾರದೋ ಪಂಚೆ ಬಿಚ್ಚಿಹೋಯಿತು. ವ್ಯಾನು ಮಾತ್ರ ಊರ ದೇವರ ಗುಡಿಯಂತೆ ಕೂತಿತ್ತು.

ಶ್ವೇತ ಕಣ್ಣೊರೆಸಿಕೊಂಡಳು. ಚಿತ್ರವಿಲ್ಲದಿದ್ದರೆ ಬೇಡ! ಫೋನನ್ನು ತಳ್ಳುವವರ ಕಡೆಗೆ ತಿರುಗಿಸಿ, ಪಾಠದ ಧ್ವನಿಯಲ್ಲಿ ಕೇಳಿದಳು. "ಮಕ್ಕಳೇ, ಇಷ್ಟು ಜನ ತಳ್ಳಿದರೂ ಈ ವಾಹನ ಯಾಕೆ ಮುಂದಕ್ಕೆ ಹೋಗುತ್ತಿಲ್ಲ? ಇದನ್ನು ಹಿಡಿದು ನಿಲ್ಲಿಸಿರುವುದು ಯಾವುದು?"

ಆಗ ತೊಟ್ಟಿಯ ಕಡೆಯಿಂದ, ಹಸುವೂ ಇಲ್ಲದೆ ಕಂಬವೂ ಇಲ್ಲದೆ, ಒಂದು ದನಿ ನೇರವಾಗಿ ಡ್ರೈವರ್ ಸೀಟಿಗೆ ಬಂದು ಬಡಿಯಿತು.

"ಅಳೀಮಯ್ಯಾ! ಬ್ರೇಕು ಬುಡ್ರೀ!"

ದ್ಯಾವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಮರೆಗೆ ಓಡಿದರು. ಶಿವಶಂಕರ ಕೈಯನ್ನು ಮೆಲ್ಲಗೆ ಹ್ಯಾಂಡ್‌ಬ್ರೇಕಿನ ಮೇಲಿಟ್ಟು ಇಳಿಸಿದ. ಭುಜ ಕೊಟ್ಟಿದ್ದವರೆಲ್ಲ ಒಟ್ಟಿಗೆ ಮುಗ್ಗರಿಸಿದರು. ವ್ಯಾನು ಉರುಳಿತು, ಕೆಮ್ಮಿತು, ಇಂಜಿನ್ನಿಗೆ ಜೀವ ಬಂತು.

"ನೋಡಿದಿರಾ? ಇದಕ್ಕೇ ಘರ್ಷಣೆ ಅನ್ನೋದು," ಎಂದು ಶ್ವೇತ ಫೋನಿಗೆ ಹೇಳಿದಳು.

ಕೆಲಸ ಸಿಕ್ಕಿತೆಂಬ ಸುದ್ದಿ ಎಡೆ ಇಡುವ ಮೊದಲೇ ಬಂತು. ಬಾಡೂಟಕ್ಕೆ ಕೂತಾಗ ಶ್ವೇತ ಎಲ್ಲರಿಗೂ ಕೇಳುವಂತೆ ಹೇಳಿದಳು. "ಪಾಠ ಚೆನ್ನಾಗಿತ್ತಂತೆ. ಸರಿ ಉತ್ತರ ಹೇಳಿದ ಆ ಹೆಂಗಸು ಯಾರು ಅಂತ ಕೇಳಿದ್ರು."

ಬ್ರೇಕು ಹಾಕಿದ ಗಂಡಸಿನ ಬಗ್ಗೆ ಅವರು ಏನೂ ಕೇಳಿರಲಿಲ್ಲ. ಶಿವಶಂಕರ ತಲೆ ತಗ್ಗಿಸಿ ಮುದ್ದೆ ಮುರಿದ.

ಮಾರನೆಯ ದಿನ ಹೊರಡುವಾಗ ದ್ಯಾವಮ್ಮ ಗೌರಿಯ ಪಕ್ಕ ನಿಂತಿದ್ದರು. ಪದ್ಧತಿ ಮತ್ತೆ ಜಾರಿಗೆ ಬಂದಿತ್ತು.

"ಗೌರೀ, ನಾಗಮಂಗಲದಿಂದ ನಮ್ಮೂರ್ಗೆ ಬಸ್ಸು ಬತ್ತದೆ ಅಂತ ಅಳೀಮಯ್ಯಂಗೆ ಒಸಿ ಯೋಳವ್ವಾ."

ಶಿವಶಂಕರ ಹಸುವಿನ ಮುಂದೆ ಕೈ ಮುಗಿದ.

"ಬಸ್ಸಲ್ಲೇ ಬತ್ತೀನಿ ಕಣವ್ವಾ."