ನೋಡದ ಕೌಂಟಿಯ ವಕಾಲತ್ತು

ಹೊರಗೆ ಹೇಳಿಕೊಳ್ಳಲಾಗದ ಒಂದು ವ್ಯಾಮೋಹ ಪ್ರತಿಯೊಬ್ಬರಿಗೂ ಇರುತ್ತದೆ ಎಂದು ನಾನು ನಂಬಿದ್ದೇನೆ. ಕೆಲವರಿಗೆ ಅದು ಕಾಲೇಜಿನ ಹಳೆಯ ಸಹಪಾಠಿ, ಕೆಲವರಿಗೆ ಮಕ್ಕಳ ಕಣ್ಣು ತಪ್ಪಿಸಿ ಡಬ್ಬದ ತಳದಲ್ಲಿ ಅಡಗಿಸಿಟ್ಟ ಕೊಬ್ಬರಿ ಮಿಠಾಯಿ. ನನ್ನದು ಒಂದು ಕೌಂಟಿ. ಅಮೆರಿಕದ ಇಂಡಿಯಾನಾ ರಾಜ್ಯದ ಹ್ಯಾಮಿಲ್ಟನ್ ಕೌಂಟಿ. ಕೌಂಟಿ ಎಂದರೆ ನಮ್ಮ ಕಡೆಯ ತಾಲ್ಲೂಕಿಗೆ ಅಣ್ಣ, ಜಿಲ್ಲೆಗೆ ತಮ್ಮ ಎಂದಿಟ್ಟುಕೊಳ್ಳಿ. ನಾನಿರುವ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಅಲ್ಲಿಗೆ ಹೋಗಬೇಕಾದರೆ ಮರುಭೂಮಿ, ಪರ್ವತ, ಬಯಲು ಎಲ್ಲವನ್ನೂ ದಾಟಬೇಕು. ನಾನು ದಾಟಿರಲಿಲ್ಲ. ಆದರೂ ಆ ಕೌಂಟಿಯ ಗಲ್ಲಿಗಲ್ಲಿ ನನಗೆ ಗೊತ್ತಿತ್ತು, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯ ಹೆಸರು ಮಾತ್ರ ಗೊತ್ತಿರಲಿಲ್ಲ.

ಈ ಪ್ರೇಮಕ್ಕೆ ಕಾರಣ ನನ್ನ ಸಂಕೋಚದ ಸ್ವಭಾವ. ಮನೆಮನೆಗೆ ಪಾರ್ಸೆಲ್ ತಲುಪಿಸುವ ವ್ಯಾನುಗಳಿಗೆ ನಕ್ಷೆ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೀಟಿಂಗಿನಲ್ಲಿ ಯಾರಿಗೆ ಯಾವ ಪ್ರದೇಶ ಬೇಕು ಎಂದು ಕೇಳಿದರು. ಸಹೋದ್ಯೋಗಿಗಳೆಲ್ಲ ಮದುವೆ ಊಟದ ಮೊದಲ ಪಂಕ್ತಿಗೆ ನುಗ್ಗುವವರಂತೆ ಕ್ಯಾಲಿಫೋರ್ನಿಯಾದ ಕಡಲ ದಂಡೆ, ನ್ಯೂಯಾರ್ಕು, ಫ್ಲಾರಿಡಾ ಎಂದು ಕೈ ಎತ್ತಿಬಿಟ್ಟರು. ನಾನು ಯೋಚಿಸಿ ಕೈ ಎತ್ತುವ ಜಾತಿ. ಯೋಚನೆ ಮುಗಿಯುವ ಹೊತ್ತಿಗೆ ಪಂಕ್ತಿಯಲ್ಲಿ ಉಳಿದಿದ್ದ ಎಲೆ ಇಂಡಿಯಾನಾದ ನಡುಭಾಗ. ಅದರೆದುರು ಕುಳಿತೆ.

ಮೊದಮೊದಲು ಬೇಸರವಾಯಿತು. ಚೌಕವಾದ ಕೌಂಟಿ, ಚೌಕವಾದ ಹೊಲಗಳು, ನೇರವಾದ ರಸ್ತೆಗಳು. ಮೈಸೂರ್ ಪಾಕಿನ ತಟ್ಟೆಯನ್ನು ಮೇಲಿನಿಂದ ನೋಡಿದ ಹಾಗೆ. ಆಮೇಲೆ ಅದು ಬೆಳೆಯುತ್ತಿದೆ ಎಂಬುದು ಗಮನಕ್ಕೆ ಬಂತು. ಉಪಗ್ರಹದ ಒಂದು ಚಿತ್ರದಲ್ಲಿ ಮೆಕ್ಕೆಜೋಳದ ಹೊಲ. ಮುಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಅಗೆದ ಮಣ್ಣಿನ ಗೀರು. ಅದರ ಮುಂದಿನದರಲ್ಲಿ ಮನೆ, ಮನೆಯ ಹಿಂದೆ ಈಜುಕೊಳ, ಕೊಳದ ಪಕ್ಕ ನೀಲಿ ಛತ್ರಿ. ಮಗು ಬೆಳೆಯುವುದನ್ನು ನೋಡುವ ತಾಯಿಯ ಸಂಭ್ರಮ ನನಗೆ ಹತ್ತಿತು. ಅದರ ಚರಿತ್ರೆಯನ್ನು ಓದಿದೆ, ನದಿಯನ್ನು ಓದಿದೆ, ಜನಗಣತಿಯನ್ನು ಓದಿದೆ. ಪ್ರತಿ ಶನಿವಾರ ಮೈಸೂರಿನಿಂದ ಫೋನ್ ಮಾಡುವ ಅಮ್ಮನಿಗೆ ಒಮ್ಮೆ ತಡೆಯಲಾರದೆ ಹೇಳಿಯೂಬಿಟ್ಟೆ: "ಅಮ್ಮಾ, ಅಲ್ಲಿ ಜನಸಂಖ್ಯೆ ಮೂರೂವರೆ ಲಕ್ಷ ದಾಟಿದೆ." ಅಮ್ಮ "ಅಷ್ಟು ಜನದಲ್ಲಿ ಒಬ್ಬ ಒಳ್ಳೆ ಹುಡುಗ ಇಲ್ವೇನೇ?" ಎಂದರು. ಅಂದಿನಿಂದ ನಾನು ಜನಸಂಖ್ಯೆಯ ವಿಷಯವನ್ನು ಮನೆಯವರ ಮುಂದೆ ಎತ್ತುವುದಿಲ್ಲ.

ಹೀಗೆ ಎದೆಯಲ್ಲಿ ಒಂದು ಕೌಂಟಿಯನ್ನೇ ತುಂಬಿಕೊಂಡು ಬಾಯಿ ಮುಚ್ಚಿಕೊಂಡಿದ್ದ ನನಗೆ ಈ ಊರಿನಲ್ಲಿ ಇದ್ದ ಒಬ್ಬರೇ ಆಪ್ತರೆಂದರೆ ಕೆಳಗಿನ ಮನೆಯ ಶಾಹೀನಕ್ಕ. ಹುಬ್ಬಳ್ಳಿಯವರು. ನಮ್ಮಿಬ್ಬರ ಸ್ನೇಹ ನಿಂತಿದ್ದದ್ದು ಕೆಲಸದ ಹಂಚಿಕೆಯ ಮೇಲೆ. ಮಾತೆಲ್ಲ ಅವರದು, ಕೇಳುವುದೆಲ್ಲ ನನ್ನದು. "ಏನ ನಂದಾ, ಬಾಯಾಗ ಮುತ್ತು ಇಟ್ಕೊಂಡೀಯೇನ? ಬಿದ್ರ ನಾ ಆರಿಸಿ ಕೊಡ್ತೀನಿ, ಮಾತಾಡ" ಎನ್ನುತ್ತಿದ್ದರು. ನಾನು ನಗುವುದರೊಳಗೆ ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ನನ್ನ ಕೆಲಸ ಏನೆಂದು ಹೇಳುವ ಸರದಿ ನನಗೆ ಬಂದೇ ಇರಲಿಲ್ಲ. ಅವರ ಮನೆಯಲ್ಲಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನಾನು ಒಲೆ ಹಚ್ಚುತ್ತಿರಲಿಲ್ಲ, ಐದು ನಿಮಿಷದಲ್ಲಿ ಎಂಟು ವರ್ಷದ ಮಗಳು ಸನಾ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾಳೆಂದು ಗೊತ್ತಿತ್ತು.

ಒಂದು ದಿನ ರೊಟ್ಟಿಯ ಸದ್ದು ನಿಂತಿತು. ಅವರ ಯಜಮಾನರು ಇಮ್ತಿಯಾಜ್ ಭಾವ ಕೆಲಸ ಮಾಡುತ್ತಿದ್ದ ಕಂಪನಿ ಇಲ್ಲಿನ ಆಫೀಸನ್ನು ಮುಚ್ಚುತ್ತಿತ್ತು. ಕೆಲಸ ಉಳಿಯಬೇಕಾದರೆ ಇನ್ನೊಂದು ಊರಿನ ಆಫೀಸಿಗೆ ಹೋಗಬೇಕು, ಸೋಮವಾರ ಬೆಳಿಗ್ಗೆಯೊಳಗೆ ಹೌದೋ ಇಲ್ಲವೋ ಹೇಳಬೇಕು. ಇಲ್ಲವೆಂದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. "ನಿಮ್ಮ ಭಾವ ಹೋಗ್ಲಿ, ನಾನು ಸನಾ ಇಲ್ಲೇ ಇರ್ತೀವಿ" ಎಂದು ಶಾಹೀನಕ್ಕ ಹಟ ಹಿಡಿದಿದ್ದರು. "ಎಲ್ಲಿಗಂತ ಕೇಳು ನಂದಾ. ಇಂಡಿಯಾನಾ! ಊರ ಸುತ್ತ ಬರೇ ಗೋವಿನಜ್ವಾಳ ಅಂತ. ಬಿಳಿ ಜ್ವಾಳ ಬೆಳ್ಯೂ ಊರಾದ್ರ ಹೋಗ್ತಿದ್ದೆ. ದನ ತಿನ್ನೂ ಜ್ವಾಳದ ಊರಿಗೆ ಯಾರ ಹೋಗ್ತಾರ?"

"ಇಂಡಿಯಾನಾದಲ್ಲಿ ಎಲ್ಲಿ ಅಕ್ಕ?" ಎಂದೆ.

"ಅದೇನೋ ಹ್ಯಾಮಿಲ್ಟನ್ ಅಂತ."

ನಾನು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕಿದೆ. ಪ್ರೇಮಿಸಿದವರ ಹೆಸರನ್ನು ಬೇರೆಯವರ ಬಾಯಲ್ಲಿ ಇದ್ದಕ್ಕಿದ್ದಂತೆ ಕೇಳಿದಾಗ ಮರ್ಯಾದಸ್ಥರು ಹೀಗೇ ಮಾಡುತ್ತಾರೆ.

ಆ ಭಾನುವಾರ ಸರಟೋಗಾದ ಗುಡ್ಡದ ಮೇಲಿರುವ ಶ್ರೀಧರ್ ಸರ್ ಮನೆಯಲ್ಲಿ ನಮ್ಮ ಕನ್ನಡದವರ ಊಟ. ಶ್ರೀಧರ್ ಸರ್ ಎಲ್ಲರಿಗಿಂತ ಮೊದಲು ಇಲ್ಲಿಗೆ ಬಂದವರು, ಎಲ್ಲರಿಗಿಂತ ಎತ್ತರದಲ್ಲಿ ಮನೆ ಕೊಂಡವರು. ಹೀಗಾಗಿ ಅಮೆರಿಕದ ಬಗ್ಗೆ ಅವರದೇ ಕಡೆಯ ಮಾತು. ಬಿಸಿಬೇಳೆಬಾತಿನ ಮೇಲೆ ಬೂಂದಿ ಉದುರಿಸಿಕೊಳ್ಳುತ್ತ ಅವರು ತೀರ್ಪು ಕೊಟ್ಟರು. "ಇಮ್ತಿಯಾಜ್, ಮಿಡ್‌ವೆಸ್ಟ್ ಅನ್ನೋದು ವಿಮಾನದ ಕಿಟಕಿಯಿಂದ ನೋಡೋ ಜಾಗ ಕಣಯ್ಯ, ಇಳಿಯೋ ಜಾಗ ಅಲ್ಲ. ಅಲ್ಲಿ ಏನಿದೆ? ಚರಿತ್ರೆ ಇಲ್ಲ, ಭೂಗೋಳ ಇಲ್ಲ, ಜನ ಇಲ್ಲ."

ಎಲ್ಲರೂ ನಕ್ಕರು. ಇಮ್ತಿಯಾಜ್ ಭಾವ ತಲೆ ತಗ್ಗಿಸಿದರು. "ಕೇಳಿದ್ರಿಲ್ಲೋ?" ಎಂದು ಶಾಹೀನಕ್ಕ ಗಂಡನ ಕಡೆ ನೋಡಿದರು, ಅವರ ಕಣ್ಣು ತುಂಬಿತ್ತು. ಆ ಮೂವರು ಸೋಮವಾರದಿಂದ ಎರಡು ಊರುಗಳಾಗಿ ಒಡೆದುಹೋಗುತ್ತಾರೆ ಎಂಬುದು ಆ ಕ್ಷಣ ನನಗೆ ಕಣ್ಣಿಗೆ ಕಟ್ಟಿತು. ಸಾಲದ್ದಕ್ಕೆ, ಚರಿತ್ರೆ ಇಲ್ಲವಂತೆ! ಭೂಗೋಳ ಇಲ್ಲವಂತೆ! ನನ್ನ ಕೌಂಟಿಗೆ!

"ಇದೆ ಸರ್" ಎಂದಿತು ಯಾವುದೋ ಧ್ವನಿ. ಎಲ್ಲರೂ ತಿರುಗಿದರು. ನಾನೂ ತಿರುಗಿ ನೋಡಿದೆ, ಹಿಂದೆ ಗೋಡೆ ಇತ್ತು. ಧ್ವನಿ ನನ್ನದೇ.

ಆಮೇಲೆ ನಡೆದದ್ದನ್ನು ಜನ ಈಗಲೂ ಹೇಳುತ್ತಾರೆ. ಭೂಗೋಳದಿಂದ ಶುರು ಮಾಡಿದೆ. ಹಿಂದೊಂದು ಕಾಲದಲ್ಲಿ ಹಿಮದ ಗಡ್ಡೆ ಆ ನೆಲದ ಮೇಲೆ ಲಟ್ಟಣಿಗೆಯಂತೆ ಉರುಳಿ ಹೋಗಿದೆ, ಅದಕ್ಕೇ ಅಷ್ಟು ಸಮತಟ್ಟು. "ಅಕ್ಕ, ನೀವು ತಟ್ಟಿದ ರೊಟ್ಟಿಯ ಹಾಗೆ, ಎಲ್ಲೂ ಗಂಟಿಲ್ಲ" ಎಂದೆ. ಆ ರೊಟ್ಟಿಯ ಮಧ್ಯೆ ವೈಟ್ ರಿವರ್ ಎಂಬ ನದಿ ಹರಿಯುತ್ತದೆ. ಅದರ ದಂಡೆಯಲ್ಲಿ ಲೆನಾಪೆ ಎಂಬ ಮೂಲನಿವಾಸಿಗಳ ಹಳ್ಳಿಗಳಿದ್ದವು, ಒಪ್ಪಂದದ ಹೆಸರಿನಲ್ಲಿ ಅವರನ್ನು ಎಬ್ಬಿಸಿ ಪಶ್ಚಿಮಕ್ಕೆ ಕಳಿಸಿದರು. ಚರಿತ್ರೆ ಇಲ್ಲವೆನ್ನುವ ಜಾಗಗಳಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ, ಸರ್. ಆಮೇಲೆ ಆ ಸೀಮೆಯ ನೆಲದಡಿ ಅನಿಲ ಸಿಕ್ಕಿತು. ಮುಗಿಯುವುದೇ ಇಲ್ಲವೆಂದು ನಂಬಿದ ಜನ ಹಗಲೂ ರಾತ್ರಿ ಬೀದಿಯಲ್ಲಿ ಪಂಜು ಉರಿಸಿದರು, ಆರಿಸಿದರೆ ಜಿಪುಣತನವೆಂದುಕೊಂಡರು. ಒಂದು ದಿನ ಅನಿಲವೇ ಆರಿಹೋಯಿತು. ಜನ ಮತ್ತೆ ಮೆಕ್ಕೆಜೋಳಕ್ಕೆ ಮರಳಿದರು. ರೈಲು ನಿಲ್ಲುವ ಸಣ್ಣ ತಾಣವಾಗಿದ್ದ ಫಿಶರ್ಸ್ ಈಗ ದೊಡ್ಡ ನಗರ. ದಕ್ಷಿಣದ ಇಂಡಿಯಾನಾಪೊಲಿಸ್‌ನಿಂದ ಊರು ಹಾಲು ಉಕ್ಕಿದಂತೆ ಉತ್ತರಕ್ಕೆ ಉಕ್ಕುತ್ತಿದೆ. ಕಾರ್ಮೆಲ್ ಎಂಬ ಊರಿನಲ್ಲಂತೂ ಸಿಗ್ನಲ್ಲುಗಳನ್ನು ಕಿತ್ತುಹಾಕಿ ಸರ್ಕಲ್ಲುಗಳನ್ನು ಕಟ್ಟಿದ್ದಾರೆ, ನೂರೈವತ್ತಕ್ಕೂ ಹೆಚ್ಚು. ಮೈಸೂರಿನವಳಾದ ನನಗೆ ಇದಕ್ಕಿಂತ ನಾಗರಿಕವಾದ ಊರು ಈ ದೇಶದಲ್ಲಿ ಕಂಡಿಲ್ಲ.

"ಆದರೆ ಅಲ್ಲಿನ ಸರ್ಕಲ್ಲು ಅಪ್ರದಕ್ಷಿಣೆ ಕಣಮ್ಮ" ಎಂದರು ಶ್ರೀಧರ್ ಸರ್, ಕಡೆಯ ಕೋಟೆಯನ್ನು ಕಾಯುವವರಂತೆ.

"ಹೌದು ಸರ್. ಇಲ್ಲಿನ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಪ್ರದಕ್ಷಿಣೆಯೂ ಇಲ್ಲದೆ ಗಂಟೆಗಟ್ಟಲೆ ನಿಲ್ಲುವುದಕ್ಕಿಂತ ಅಪ್ರದಕ್ಷಿಣೆಯಾಗಿಯಾದರೂ ಮುಂದೆ ಹೋಗುವುದು ಮೇಲಲ್ಲವೇ?"

ಈ ಸಲ ಜನ ನಕ್ಕದ್ದು ನನ್ನ ಪರವಾಗಿ. ಶ್ರೀಧರ್ ಸರ್ ಅವರ ಶ್ರೀಮತಿಯವರೇ ಸೆರಗು ಬಾಯಿಗೆ ಹಿಡಿದರು. ಸನಾ ಕುರ್ಚಿಯ ಮೇಲೆ ಹತ್ತಿ ನಿಂತು, "ನಂದಾ ಆಂಟಿ, ಡು ದೇ ಹ್ಯಾವ್ ಸ್ನೋ?" ಎಂದು ಕೇಳಿದಳು. ಇದೆ ಎಂದೆ. "ಅಮ್ಮಿ, ವಿ ಆರ್ ಗೋಯಿಂಗ್" ಎಂದು ಅವಳ ಮಟ್ಟಿಗೆ ಕಲಾಪ ಮುಗಿಸಿದಳು.

ಶಾಹೀನಕ್ಕ ಮಾತ್ರ ಸುಲಭಕ್ಕೆ ಸೋಲುವವರಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದರು. "ಎಲ್ಲಾ ಖರೆ. ಬಿಳಿ ಜ್ವಾಳದ ಹಿಟ್ಟು ಸಿಗ್ತದೇನ ಅಲ್ಲೆ?"

ಸಿಗುತ್ತದೆ ಎಂದುಬಿಡಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ನಕ್ಷೆಯಲ್ಲಿ ಗುರುತಿಸಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. "ಅದು ನನಗೆ ಗೊತ್ತಿಲ್ಲ ಅಕ್ಕ. ಸಿಗದಿದ್ದರೆ ಇಲ್ಲಿಂದ ನಾನು ಕಳಿಸುತ್ತೇನೆ."

ಶಾಹೀನಕ್ಕ ಕಣ್ಣು ಒರೆಸಿಕೊಂಡು ತಟ್ಟೆ ಕೆಳಗಿಟ್ಟರು. ಆಮೇಲೆ ಗಂಡನಿಗೆ ಹೇಳಿದರು. "ನಾಳೆ ಹೂಂ ಅನ್ರಿ. ಈ ಹುಡುಗಿ ಇಷ್ಟು ಮಾತಾಡ್ಯಾಳಂದ್ರ ಅಲ್ಲೆ ಏನರ ಇರಬೇಕು."

ಗೆದ್ದೆ! ಊಟ ಮುಗಿಸಿ ಹೊರಡುವಾಗ ಶ್ರೀಧರ್ ಸರ್ ನನ್ನನ್ನು ಪಕ್ಕಕ್ಕೆ ಕರೆದು, ಯಾರಿಗೂ ಕೇಳದಂತೆ, "ಆ ಕಾರ್ಮೆಲ್ ಕಡೆ ಜಾಗಗೀಗ ಹೇಗಮ್ಮ?" ಎಂದು ವಿಚಾರಿಸಿದರು. ಗೆಲುವಿಗೆ ಇದಕ್ಕಿಂತ ದೊಡ್ಡ ಮುದ್ರೆ ಬೇಕೇ? ದೇಶವನ್ನೇ ಗೆದ್ದ ರಾಣಿಯಂತೆ ಕಾರಿನಲ್ಲಿ ಕುಳಿತೆ. ಗುಡ್ಡ ಇಳಿದು ಸನ್ನಿವೇಲ್ ತಲುಪಿ, ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವಾಗಲಷ್ಟೇ ನಾನು ಗೆದ್ದದ್ದು ಏನನ್ನು ಎಂದು ಹೊಳೆಯಿತು. ಊರಿನಲ್ಲಿದ್ದ ಒಬ್ಬರೇ ಒಬ್ಬ ಗೆಳತಿಯನ್ನು, ತುಂಬಿದ ಸಭೆಯಲ್ಲಿ, ಸಪ್ರಮಾಣವಾಗಿ ವಾದ ಮಾಡಿ ಊರು ಬಿಡಿಸಿದ್ದೆ.

ಅವರು ಹೋದ ಮೇಲೆ ಕೆಳಗಿನ ಮನೆಗೆ ಸದಾ ಫೋನಿನಲ್ಲಿ ಮುಳುಗಿರುವ ಇಬ್ಬರು ಹುಡುಗರು ಬಂದರು. ಅವರು ರೊಟ್ಟಿ ತಟ್ಟುವುದಿಲ್ಲ. ನಾನು ಮಾತಿನಂತೆ ಹಿಟ್ಟಿನ ಪೊಟ್ಟಣ ಕಳಿಸಿದೆ. ತಲುಪಿತೇ ಎಂದು ಕೇಳಿದರೆ "ಬರ್ತದ ಬಿಡು, ನೀನ ಬಾ" ಎಂದರು ಶಾಹೀನಕ್ಕ. ಕೊನೆಗೆ ಹೋದೆ.

ವಿಮಾನ ಇಳಿಯುವವರೆಗೂ ನಾನು ಸರ್ವಜ್ಞೆ. ಕಿಟಕಿಯಿಂದ ಕಂಡ ಒಂದೊಂದು ಚೌಕವನ್ನೂ ಪಕ್ಕದವರಿಗೆ ಪರಿಚಯಿಸಿಬಿಡೋಣವೇ ಎನ್ನಿಸಿತು. ಇಳಿದು ಶಾಹೀನಕ್ಕನ ಕಾರಿನಲ್ಲಿ ಕೌಂಟಿಯೊಳಗೆ ಹೊಕ್ಕೊಡನೆ ಪೆಚ್ಚಾದೆ. ಒಂದು ಜಾಗವೂ ಗುರುತು ಸಿಗಲಿಲ್ಲ. ಅಷ್ಟು ವರ್ಷ ನೋಡಿದ್ದು ಮೇಲಿನಿಂದ. ಬರೀ ಬೈತಲೆ ನೋಡಿ ಪ್ರೀತಿಸಿದವರಿಗೆ ಮುಖ ಹೇಗೆ ಗುರುತು ಸಿಕ್ಕಬೇಕು? ಮರಗಳಿಗೆ ಪಕ್ಕವಿದೆ, ಮನೆಗಳಿಗೆ ಬಾಗಿಲಿದೆ ಎಂಬುದೇ ನನಗೆ ಸುದ್ದಿ. ಸರ್ಕಲ್ಲುಗಳಲ್ಲಿ ದಿಕ್ಕು ತಪ್ಪಿ ಮೂರನೆಯದರ ಹೊತ್ತಿಗೆ ನಾನು ಕಣ್ಣು ಮುಚ್ಚಿದೆ. ಶಾಹೀನಕ್ಕ ಮಾತ್ರ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ, ಇನ್ನೊಂದು ಕೈಯನ್ನು ಕಿಟಕಿಯ ಕಡೆ ಬೀಸುತ್ತ ವಿವರಿಸುತ್ತಿದ್ದರು. "ನೋಡ ನಂದಾ, ಇಲ್ಲೆ ಮದ್ಲ ಗ್ಯಾಸ್ ಸಿಕ್ಕಿತ್ತು. ಹಗಲೂ ರಾತ್ರಿ ಪಂಜು ಉರಿಸಿದ್ರು ಹುಚ್ಚಪ್ಪಗಳು. ನಿನಗ ಇದೆಲ್ಲಾ ಗೊತ್ತಿರೂದಿಲ್ಲ, ನೀ ಕ್ಯಾಲಿಫೋರ್ನಿಯಾದಾಕಿ."

"ಹೌದಾ ಅಕ್ಕ?" ಎಂದೆ.

"ಇನ್ನೊಂದು ಕೇಳ. ನಮ್ಮ ಕೌಂಟಿಗೆ ಯಾರ ಹೆಸರ ಇಟ್ಟಾರ, ಆ ಹಿಂದಿನ ಕಾಲದ ಮಂತ್ರಿ ಹ್ಯಾಮಿಲ್ಟನ್ ಸಾಹೇಬ ಒಮ್ಮೆನೂ ಇಲ್ಲಿ ಕಾಲಿಟ್ಟಾಂವ ಅಲ್ಲಂತ! ಕಾಲಿಡದ ಊರಿನ ಮ್ಯಾಲ ಹೆಸರು ಹಾಕ್ಕೊಂಡು ಕುಂತಾನ, ನೋಡ ಅವನ ಧೈರ್ಯ."

ಅದು ನನಗೂ ಗೊತ್ತಿದ್ದ ಸಂಗತಿ. ಸರಟೋಗಾದ ಭಾಷಣದಲ್ಲಿ ಅದೊಂದನ್ನು ಮಾತ್ರ, ಯಾಕೋ, ಬಿಟ್ಟಿದ್ದೆ.

ಮನೆ ಹೊಸದು, ಬೀದಿ ಹೊಸದು, ಬೀದಿಯ ತುದಿಯಲ್ಲಿ ಇನ್ನೂ ಕೊಯ್ಯದ ಮೆಕ್ಕೆಜೋಳ. ಚಹಾ ಕೊಡುತ್ತ ಶಾಹೀನಕ್ಕ ದೂರು ತೆಗೆದರು. "ಎಲ್ಲಾ ಬೆಷ್ಟ್ ಐತಿ. ಪಾರ್ಸೆಲ್ಲಿನದೊಂದ ಗೋಳು. ಆ ವ್ಯಾನಿನವರ ನಕ್ಷಾದಾಗ ನಮ್ಮ ಬೀದೀನ ಇಲ್ಲಂತ. ರಸ್ತೆ ಮುಗೀತು, ಮುಂದ ಹೊಲ ಅಂತ ತೋರಸ್ತದಂತ. ಎಲ್ಲಾ ಹೊಲದ ಅಂಚಿನ್ಯಾಗ ಇಟ್ಟು ಹೋಗ್ತಾರ. ನಿನ್ನ ಹಿಟ್ಟಿನ ಪೊಟ್ಟಣ ಅಲ್ಲೇ ಮಳ್ಯಾಗ ತೊಯ್ದು ಮುದ್ದಿ ಆಗಿತ್ತು, ನೀ ಬ್ಯಾಸರಾ ಮಾಡ್ಕೋತಿ ಅಂತ ಹೇಳ್ಲಿಲ್ಲ. ಯಾವ ಪುಣ್ಯಾತ್ಮ ನಕ್ಷಾ ಮಾಡ್ಯಾನೋ, ಅವನ ಮಾರಿ ಒಮ್ಮೆ ನೋಡಬೇಕಾಗೇತಿ!"

ಅವರು ಆ ಮುಖವನ್ನು ನೋಡುತ್ತಲೇ ಇದ್ದರು. ನಾನು ಚಹಾದ ಲೋಟವನ್ನು ಸ್ವಲ್ಪ ಎತ್ತರಕ್ಕೆ ಹಿಡಿದೆ. ನನ್ನ ನಕ್ಷೆಯ ಪ್ರಕಾರ ಶಾಹೀನಕ್ಕ, ಇಮ್ತಿಯಾಜ್ ಭಾವ, ಸನಾ ಮೂವರೂ ವಾಸವಾಗಿರುವುದು ಮೆಕ್ಕೆಜೋಳದ ಹೊಲದ ನಡುವೆ. ಇಲ್ಲಿ ಬರೀ ಜೋಳದ ಹೊಲವಲ್ಲ ಎಂದು ತುಂಬಿದ ಸಭೆಯಲ್ಲಿ ಸಾಧಿಸಿ ತೋರಿಸಿದ್ದವಳ ನಕ್ಷೆ!

ಮಧ್ಯಾಹ್ನ ಅವರು ನಿದ್ದೆ ಮಾಡುವಾಗ ನಾನೊಬ್ಬಳೇ ಆ ಬೀದಿಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ನಡೆದೆ. ನನ್ನ ಕೌಂಟಿಯಲ್ಲಿ ನಾನು ಕಾಲಿನಿಂದ ಅಳೆದ ಮೊದಲ ರಸ್ತೆ ಅದು. ಬಂದು ಲ್ಯಾಪ್‌ಟಾಪ್ ತೆರೆದು ಅದನ್ನು ನನ್ನ ನಕ್ಷೆಯಲ್ಲಿ ಎಳೆದೆ. ಅಷ್ಟು ಅಂದವಾದ ಗೆರೆಯನ್ನು ನಾನು ಹಿಂದೆಂದೂ ಎಳೆದಿರಲಿಲ್ಲ.

ಸನ್ನಿವೇಲ್‌ಗೆ ಮರಳಿದವಳೇ ಇನ್ನೊಂದು ಹಿಟ್ಟಿನ ಪೊಟ್ಟಣ ಕಳಿಸಿದೆ. ಕೆಲವು ದಿನಗಳಲ್ಲಿ ಫೋನು ಬಂತು. ಹಿಂದಿನಿಂದ ರೊಟ್ಟಿ ತಟ್ಟುವ ಸದ್ದು. "ನಂದಾ! ವ್ಯಾನಿನವ ಸೀದಾ ಬಾಗಲಾಗ ಬಂದು ಬೆಲ್ ಹೊಡದ! ಅಂತೂ ಆ ನಕ್ಷಾದವಗ ಬುದ್ಧಿ ಬಂತ ನೋಡ. ನಾ ಅವಗ ಸಾಕಷ್ಟ ಬೈದಿದ್ದೆ, ಪಾಪ. ಬಲೆ ಶಾಣ್ಯಾ ಮನುಷ್ಯಾ ಇರಬೇಕು. ಹೌದಿಲ್ಲೋ?"

ಹ್ಯಾಮಿಲ್ಟನ್ ಕೌಂಟಿಯ ಚರಿತ್ರೆ, ಭೂಗೋಳ, ಜನಸಂಖ್ಯೆ ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

"ಇರಬಹುದು ಅಕ್ಕ" ಎಂದೆ.