ದೊಡ್ಡಪತ್ರೆಗೊಂದು ಬೋರ್ಡು

ಮ್ಯಾನರ್ಸ್ ಇರುವವರ ಬೆನ್ನು ತುರಿಸಿದರೆ ಏನು ಗತಿ ಎಂಬುದನ್ನು ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಮೈಸೂರಿನ ನಮ್ಮ ಸಿಸ್ಟರ್‌ಗಳು ಕಲಿಸಿದ್ದು ಒಂದೇ: ಇನ್ನೊಬ್ಬರ ವಸ್ತು ಪೆನ್ಸಿಲ್ ತುಂಡಾದರೂ ಸರಿ, ಮುಟ್ಟುವ ಮೊದಲು "ಮೇ ಐ?" ಎನ್ನಬೇಕು. ಮಳವಳ್ಳಿಯಲ್ಲಿ ಇಂಗ್ಲಿಷ್ ಟೀಚರಾಗಿ ಮೂವತ್ತು ವರ್ಷ ನಾನೂ ಅದನ್ನೇ ಕಲಿಸಿದೆ. ಮಕ್ಕಳು ಮರೆತರು, ನನ್ನನ್ನು ಅದು ಬಿಡಲಿಲ್ಲ. ನನಗೆ ಮದುವೆಯಾಗದೇ ಹೋದದ್ದಕ್ಕೂ, ಯಾರಾದರೂ ಸರಿಯಾದ ಗ್ರಾಮರಿನಲ್ಲಿ ಕೇಳಲಿ ಎಂದು ಕಾದದ್ದೇ ಕಾರಣವಿರಬೇಕು.

ನನ್ನ ಗೇಟಿನ ಪಕ್ಕದ ದೊಡ್ಡಪತ್ರೆ ಎದುರುಮನೆಯ ಜಯಮ್ಮ ನೆಟ್ಟದ್ದು. ತವರು ಬೆಳಕವಾಡಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯನ್ನು, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಗುಲಾಬಿಯ ಬುಡಕ್ಕೆ ಚುಚ್ಚಿ ಹೋಗಿದ್ದಳು. ಗುಲಾಬಿ ಸತ್ತಿತು, ಇದು ಹಬ್ಬಿತು. ಆಮೇಲೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ತಾನೇ ಗೇಟು ತೆಗೆದು ಬಂದು, ಚಟ್ನಿಗೋ ಮೊಮ್ಮಗಳ ಕೆಮ್ಮಿಗೋ ಕುಡಿ ಚಿವುಟಿಕೊಂಡು, ಬೀದಿಯ ಸುದ್ದಿಯನ್ನೆಲ್ಲ ನನ್ನ ಜಗಲಿಗೆ ಸುರಿದು ಹೋಗುತ್ತಿದ್ದಳು. ನನಗೆ ಆಗಾಗ ಪಿತ್ತದ ಗಂಧೆ ಏಳುತ್ತದೆ. ಆಗ ಎಲೆ ಹಿಸುಕಿ ರಸವನ್ನು ಬೆನ್ನಿಗೆ ಉಜ್ಜುವವಳೂ ಅವಳೇ. "ಕೆರ್ಕಬ್ಯಾಡ ಕಣಮ್ಮ, ತಿರುಕ್ಕೊ ಅತ್ಲಾಗೆ" ಎಂದು ಗದರುವಳು. ಒರಟು ಕೈ, ರಾಗಿಹಿಟ್ಟಿನ ವಾಸನೆ. ಬ್ಲಿಸ್ ಎಂದರೆ ಅದು.

ಹೋದ ವರ್ಷ ಪಕ್ಕದ ಹಾಸ್ಟೆಲಿನ ಹುಡುಗಿಯರು, ಇದನ್ನು ಹಚ್ಚಿದರೆ ಮೊಡವೆ ಹೋಗುತ್ತದೆಂದು ಫೋನಿನಲ್ಲಿ ನೋಡಿ, ಕೊಂಬೆಕೊಂಬೆಯನ್ನೇ ಮುರಿಯತೊಡಗಿದರು. ನಾನೊಂದು ಹಲಗೆಗೆ ಉದ್ದದ ಕೋಲು ಹೊಡೆಸಿ, ನನ್ನ ಕರ್ಸಿವ್ ಹ್ಯಾಂಡ್‌ರೈಟಿಂಗಿನಲ್ಲಿ "ಪ್ಲೀಸ್ ಆಸ್ಕ್ ಬಿಫೋರ್ ಯು ಪ್ಲಕ್" ಎಂದು ಇಂಗ್ಲಿಷಿನಲ್ಲೂ, ಕೆಳಗೆ "ದಯವಿಟ್ಟು ಕೇಳಿ ಕೀಳಿರಿ" ಎಂದು ಕನ್ನಡದಲ್ಲೂ ಬರೆದು ನೆಟ್ಟೆ. ಹುಡುಗಿಯರು ಬೋರ್ಡಿನ ಫೋಟೋ ತೆಗೆದುಕೊಂಡು, ಎಲೆಯನ್ನೂ ಕಿತ್ತುಕೊಂಡು ಹೋದರು.

ಮರುದಿನ ಬೆಳಿಗ್ಗೆ ಕಾಲಿಂಗ್ ಬೆಲ್ ಆಯಿತು. ಜಯಮ್ಮ. ಹನ್ನೊಂದು ವರ್ಷದಲ್ಲಿ ಆ ಬೆಲ್ಲನ್ನು ಅವಳು ಮುಟ್ಟಿರಲಿಲ್ಲ. ತಾಲ್ಲೂಕಾಫೀಸಿಗೆ ಬಂದವಳಂತೆ ಸೆರಗು ಹೊದ್ದು ಗೇಟಿನಾಚೆಯೇ ನಿಂತಿದ್ದಳು.

"ಮೇಡಮ್ನೋರೆ, ಎಲ್ಡು ಎಲೆ ಕಿತ್ಕಬೋದಾ?"

ನಾನು ಆಗಲೇ ಆ ಬೋರ್ಡನ್ನು ಕಿತ್ತು ಚರಂಡಿಗೆ ಎಸೆಯಬೇಕಿತ್ತು. ನಕ್ಕಿದ್ದರೂ ಸಾಕಿತ್ತು. ಆದರೆ ಮೂವತ್ತು ವರ್ಷ ಪಳಗಿದ ಬಾಯಿ ನನಗಿಂತ ಮೊದಲೇ ಉತ್ತರ ಕೊಟ್ಟುಬಿಟ್ಟಿತು: "ಯೆಸ್, ಯು ಮೇ."

ಜಯಮ್ಮ ಸರಿಯಾಗಿ ಎರಡೇ ಎಲೆ ಕಿತ್ತಳು. ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿದಳು. ಮತ್ತೆ ಬರಲಿಲ್ಲ.

ವಾರದೊಳಗೆ ಬೋರ್ಡನ್ನು ತೆಗೆದು ಒಳಗಿಟ್ಟೆ, ಅದನ್ನು ಯಾರೂ ಗಮನಿಸಲಿಲ್ಲ. ದೊಡ್ಡಪತ್ರೆಯೋ, ಚಿವುಟಿದಷ್ಟೂ ಚಿಗುರುವ ಜಾತಿ. ಹುಡುಗಿಯರ ಫ್ಯಾಷನ್ನು ಬೇರೆ ಸೊಪ್ಪಿಗೆ ಹಾರಿತು, ನಾನೊಬ್ಬಳು ಎಷ್ಟೆಂದು ತಿನ್ನಲಿ? ಗಿಡದ ಕಡ್ಡಿಯೆಲ್ಲ ಬಲಿತು, ಎಲೆ ಹಳದಿಯಾಯಿತು.

ಮೊನ್ನೆ ಮತ್ತೆ ಗಂಧೆ ಎದ್ದಿತು. ನನ್ನ ಎಲೆಯಲ್ಲಿ ರಸವಿಲ್ಲ. ನಾಚಿಕೆ ಬಿಟ್ಟು ರಸ್ತೆ ದಾಟಿದೆ. ಜಯಮ್ಮನ ಸಿಮೆಂಟ್ ತೊಟ್ಟಿಯಲ್ಲಿ ದೊಡ್ಡಪತ್ರೆ ತುಂಬಿ ತುಳುಕುತ್ತಿತ್ತು. ಅವಳು ಬಾಗಿಲಲ್ಲಿ ಕೂತು ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಏನೇನೋ ಹೇಳಬೇಕೆಂದು ಹೋದವಳ ಬಾಯಿಂದ ಬಂದದ್ದು, "ಜಯಮ್ಮ, ಎರಡು ಎಲೆ ತೊಗೊಳ್ಳಲಾ?"

ಅವಳು ತಲೆ ಎತ್ತಲಿಲ್ಲ. "ಕೇಳಾದು ನಿಮ್ಮನೆ ಪದ್ಧತಿ ಕಣಮ್ಮ. ನಮ್ಮನೇಲಿ ಸುಮ್ನೆ ಕಿತ್ಕಂಡು ಓಯ್ತಾರೆ."

ಒಂದು ಹಿಡಿ ಕಿತ್ತುಕೊಂಡೆ. ಬೆನ್ನಿನ ವಿಷಯಕ್ಕೆ ಯಾವ ಗ್ರಾಮರೂ ಹೊಳೆಯಲಿಲ್ಲ. ಜರಡಿಯೂ ನಿಲ್ಲಲಿಲ್ಲ.

ಮನೆಗೆ ಬಂದು ಕೈಗೆ ಹಚ್ಚಿಕೊಂಡೆ, ಕತ್ತಿಗೆ ಹಚ್ಚಿಕೊಂಡೆ. ಬೆನ್ನು ಸಿಗಲಿಲ್ಲ. ಮೂಲೆಯಲ್ಲಿ ಆ ಬೋರ್ಡು ಕಂಡಿತು. ಎಲೆಗಳನ್ನು ಹಿಸುಕಿ, ಕರ್ಚೀಫಿನಲ್ಲಿ ಹಲಗೆಗೆ ಕಟ್ಟಿ, ಕೋಲು ಹಿಡಿದು ಉಜ್ಜಿಕೊಂಡೆ. ಕೋಲಿನ ಉದ್ದ ಅಳತೆ ಕೊಟ್ಟು ಮಾಡಿಸಿದಂತಿತ್ತು. ತುರಿಕೆ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಹ್ಯಾಂಡ್‌ರೈಟಿಂಗ್ ನೋಡಿ, ಅಷ್ಟು ಉಜ್ಜಿದರೂ ಒಂದಕ್ಷರ ಅಳಿಸಿಲ್ಲ.