ಕೊನೆಯ ಸಾಲಿಗಾಗಿ ಮನೆ ಬಿಟ್ಟವರು

"ಓದಿದವರು ಮೂರು ದಿನ ಊಟ ಬಿಡಬೇಕು! ಅಂಥ ಕೊನೆ ಸಾಲು ಇವತ್ತು ಬರೆಯದಿದ್ದರೆ ನಾನು ಕತೆಗಾರನೇ ಅಲ್ಲ!" ಎಂದು ನಮ್ಮ ಕತೆಗಾರರು ಕಾಫಿ ಲೋಟ ಕುಕ್ಕಿ ಘೋಷಿಸಿದರು.

"ಪಾಪ, ಅವರ ಮನೇಲಿ ಅಡುಗೆ ಮಾಡಿದವರ ಗತಿ ಏನ್ರೀ?" ಎಂದರು ಹೆಂಡತಿ, ಪೇಪರಿನಿಂದ ತಲೆ ಎತ್ತದೆ.

ಕತೆಗಾರರಿಗೆ ನಿಜಕ್ಕೂ ಕುತ್ತಿಗೆಗೆ ಬಂದಿತ್ತು. ವಿಶೇಷಾಂಕಕ್ಕೆ ಕೊಟ್ಟ ಕತೆಯನ್ನು ಸಂಪಾದಕರು ವಾಪಸ್ಸು ಕಳಿಸಿ, ಫೋನಿನಲ್ಲಿ ಬೇರೆ ಚುಚ್ಚಿದ್ದರು: "ನಿಮ್ಮ ಕತೆ ಕುದುರೆ ಹಾಗೆ ಓಡಿಬಂದು, ಕೊನೆಗೆ ಎಮ್ಮೆ ಹಾಗೆ ಕೂತ್ಬಿಡುತ್ತೆ ಸಾರ್. ಸಂಜೆಯೊಳಗೆ ಒಳ್ಳೇ ಕೊನೆ ಸಾಲು ಕೊಡಿ. ಇಲ್ದಿದ್ರೆ ಈ ಸಲವೂ ಬೇಡ, ಮುಂದಕ್ಕೂ ಬೇಡ."

ಕತೆಯೇನೋ ಸರಳ. ಗಂಡ ಜಗಳವಾಡಿ ಮನೆ ಬಿಡುತ್ತಾನೆ. ಸಂಜೆ ಹ್ಯಾಪುಮೋರೆ ಹಾಕಿಕೊಂಡು ವಾಪಸ್ಸು ಬರುತ್ತಾನೆ. ಹೆಂಡತಿ ಬಾಗಿಲು ತೆಗೆದು ಏನೋ ಹೇಳುತ್ತಾಳೆ. ಆ 'ಏನೋ' ಏನು? ಅಲ್ಲೇ ಕೂತಿತ್ತು ಎಮ್ಮೆ!

ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ತುಂಬ ಕಾಗದದ ಉಂಡೆಗಳು. ಆಗ ಹೊಳೆಯಿತು. ಗಣಿಯನ್ನೇ ಮನೆಯಲ್ಲಿಟ್ಟುಕೊಂಡು ತಾನೇಕೆ ತಲೆ ಕೆರೆದುಕೊಳ್ಳಬೇಕು? ಹೆಂಡತಿ ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುವಷ್ಟೇ ಸಲೀಸಾಗಿ ಮನೆಯಲ್ಲಿ ಜಗಳ ಮುಗಿಸುತ್ತಿದ್ದರು, ಒಂದೇ ಮಾತಿನಲ್ಲಿ! ಹಿಂದೊಮ್ಮೆ ಕತೆಗಾರರು "ಈ ಮನೆಗೆ ನಾನೇ ಆಧಾರಸ್ತಂಭ" ಎಂದು ಗಂಟೆಗಟ್ಟಲೆ ಕೊರೆದಾಗ ಆಕೆ, "ಹಾಗಿದ್ರೆ ಸ್ವಲ್ಪ ಸರೀರಿ, ಕಂಬದ ಹಿಂದೆ ಕಸ ಇದೆ" ಎಂದು ಪೊರಕೆ ಆಡಿಸಿದ್ದರು. ಆ ಮಾತಿಗೆ ಕತೆಗಾರರು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತಾರೆ.

ಸರಿ, ಜಗಳ ತೆಗೆಯುವುದೇ ದಾರಿ!

"ಪಲ್ಯಕ್ಕೆ ಉಪ್ಪೇ ಇಲ್ಲ!"

"ಡಬ್ಬ ಅಲ್ಲೇ ಇದೆ, ಹಾಕ್ಕೊಳ್ಳಿ."

"ನಿನ್ನ ತಮ್ಮನಂಥ ಸೋಮಾರಿ ಭೂಮಿ ಮೇಲೆ ಇಲ್ಲ!"

"ನಾನೂ ಅವನಿಗೆ ಅದನ್ನೇ ಹೇಳ್ತೀನಿ."

ಹಾಳಾದ ಶಾಂತಿ! ಕ್ಲಿನಿಕ್ಕಿಗೆ ರಜೆ, ಆಕೆ ಭಾರೀ ಖುಷಿಯಲ್ಲಿದ್ದರು. ಕತೆಗಾರರು ಬ್ರಹ್ಮಾಸ್ತ್ರವನ್ನೇ ತೆಗೆದರು. "ನಾನು ಮನೆ ಬಿಟ್ಟು ಹೋಗ್ತೀನಿ!" ಎಂದು ಗುಡುಗಿ, ಕೈಗೆ ಸಿಕ್ಕ ಸೂಟ್‌ಕೇಸ್ ಎತ್ತಿಕೊಂಡು ಬೀದಿಗಿಳಿದರು.

"ಎಲ್ಲಿಗೆ ಸಾರ್ ಸವಾರಿ?" ಎಂದು ಕ್ಷೌರದಂಗಡಿಯವನು ಕೂಗಿದ. ಠೀವಿಯಿಂದ ತಿರುಗಿದ್ದೇ ತಪ್ಪಾಯಿತು. ಸೂಟ್‌ಕೇಸಿನ ಚಿಲಕ ಕಳಚಿ, ಹೆಂಡತಿ ಅದರಲ್ಲಿಟ್ಟಿದ್ದ ರೋಗಿಗಳ ಹಲ್ಲಿನ ಪ್ಲಾಸ್ಟರ್ ಅಚ್ಚುಗಳೆಲ್ಲ ರಸ್ತೆ ತುಂಬ ಚೆಲ್ಲಾಪಿಲ್ಲಿ! ಬೀದಿಯೇ ಹಲ್ಲು ಕಿಸಿದು ನಕ್ಕಂತಾಯಿತು. ಒಂದು ನಾಯಿ ಯಾರದೋ ಕೆಳದವಡೆ ಕಚ್ಚಿಕೊಂಡು ಓಡಿತು. ನಾಯಿಯ ಹಿಂದೆ ಕತೆಗಾರರು ಓಡಿದರು. ಮೂರು ಬೀದಿ, ಒಂದು ಚರಂಡಿ ದಾಟುವಷ್ಟರಲ್ಲಿ ಒಂದು ಚಪ್ಪಲಿ ಚರಂಡಿಯ ಪಾಲಾಯಿತು, ದವಡೆ ಮಾತ್ರ ಕೈಗೆ ಬಂತು.

ಉಳಿದ ಅಚ್ಚುಗಳನ್ನು ಆರಿಸಿ ಸೂಟ್‌ಕೇಸಿಗೆ ತುಂಬಿಕೊಂಡು, ಹೊತ್ತು ಮುಳುಗುವಾಗ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಬಂದು ಬೆಲ್ ಒತ್ತಿದರು. ಹೆಂಡತಿ ಬಾಗಿಲು ತೆಗೆದರು. ಅಡಿಯಿಂದ ಮುಡಿಯವರೆಗೆ ನೋಡಿದರು.

"ಬೇಗ ಒಳಗೆ ಬಂದು ಬಾಗಿಲು ಹಾಕಿ. ಸೊಳ್ಳೆ ಬರುತ್ತೆ."

ಕತೆಗಾರರ ಮೈ ಜುಮ್ಮೆಂದಿತು. ಆಹಾ! ಸಿಟ್ಟು, ಕ್ಷಮೆ, ಇಷ್ಟು ವರ್ಷದ ಸಂಸಾರ, ಎಲ್ಲ ಅದರಲ್ಲೇ ಇತ್ತಲ್ಲ! ಒಂಟಿ ಚಪ್ಪಲಿಯಲ್ಲೇ ಮೇಜಿಗೆ ಓಡಿ ಆ ಮಾತನ್ನು ಬರೆದರು. ಬರೆದು ಸುಮ್ಮನಿರಬೇಕೋ ಬೇಡವೋ? ಕೈ ಕೇಳಲಿಲ್ಲ. 'ಬದುಕೆಂಬ ಬಾಗಿಲಿಗೆ ಅಗುಳಿಯಿಲ್ಲವೆಂದು ಅವನಿಗೆ ಅರಿವಾಯಿತು' ಎಂದು ತಮ್ಮದೊಂದು ಸೇರಿಸಿಯೇ ಕಳಿಸಿದರು.

ಸ್ವಲ್ಪ ಹೊತ್ತಿಗೇ ಸಂಪಾದಕರ ಫೋನು ಬಂತು. "ಕೊನೆ ಸಾಲು ಅದ್ಭುತ ಸಾರ್! ಕಣ್ಣಲ್ಲಿ ನೀರು ಬಂತು. ಕತೆ ಹಾಕ್ತಿದ್ದೀವಿ!"

"ಬದುಕೆಂಬ ಬಾಗಿಲು ತಾನೇ?"

"ಅಯ್ಯೋ, ಅದನ್ನ ಹೊಡೆದು ಹಾಕಿದೆ. ಸೊಳ್ಳೆಗೇ ಮುಗಿಸಿದೀನಿ."

ಕತೆಗಾರರು ಫೋನಿಟ್ಟು ಹೆಂಡತಿಯ ಕಡೆ ತಿರುಗಿದರು. ಆಕೆ ನಾಯಿಹಲ್ಲು ನಾಟಿದ ದವಡೆಯನ್ನು ತೊಳೆಯುತ್ತಿದ್ದರು.

"ಮಧ್ಯಾಹ್ನ ಕಾಲು ಕೆರೆದು ಜಗಳಕ್ಕೆ ಬರ್ತಿದ್ರಲ್ಲ, ಸಾಲು ಸಿಕ್ಕಿಲ್ಲ ಅಂತ ಆಗ್ಲೇ ಗೊತ್ತಾಯ್ತು" ಎಂದು ನಕ್ಕರು.

"ನಿಜವಾಗ್ಲೂ ನೀನು ದೊಡ್ಡವಳು ಕಣೇ! ಅದು ಹೇಗೆ ನಿನಗೆ ಇಷ್ಟು ಚೆನ್ನಾಗಿ ಬರುತ್ತೆ?"

"ಏನಿದೆ ಅದರಲ್ಲಿ? ಹೇಳೋದು ಹೇಳಿ ಬಾಯಿ ಮುಚ್ಕೋತೀನಿ."

ಇದಕ್ಕೊಂದು ತಕ್ಕ ಉತ್ತರ ಕೊಡಲೆಂದು ಕತೆಗಾರರು ಬಾಯಿ ತೆರೆದರು. ಅವರು ಹಾಕದೇ ಬಂದ ಬಾಗಿಲಿನಿಂದ ಒಳಬಂದ ಸೊಳ್ಳೆಯೊಂದು ನೇರವಾಗಿ ಗಂಟಲಿಗಿಳಿಯಿತು.